ಆರು ವಾರದ ಊರು

1939ರಲ್ಲಿ ತೆರೆಕಂಡ ‘ದಿ ವಿಮೆನ್’ ಸಿನಿಮಾದಲ್ಲಿ ಗಂಡಸಿನ ಸುಳಿವೇ ಇಲ್ಲ. ನೂರಕ್ಕೂ ಹೆಚ್ಚು ಪಾತ್ರಗಳಿವೆ, ಎಲ್ಲವೂ ಹೆಂಗಸರವೇ. ಎರಡು ಗಂಟೆಗೂ ಮಿಕ್ಕಿ ಗಂಡಂದಿರ ಬಗ್ಗೆಯೇ ಮಾತು. ಒಬ್ಬ ಗಂಡನೂ ತೆರೆಯ ಮೇಲೆ ಸುಳಿಯುವುದಿಲ್ಲ. ನ್ಯೂಯಾರ್ಕಿನ ಬ್ಯೂಟಿ ಪಾರ್ಲರೊಂದರಲ್ಲಿ ಉಗುರಿಗೆ ಬಣ್ಣ ಹಚ್ಚುವವಳು ಊರ ಸುದ್ದಿ ಹೇಳುತ್ತಾ, ಮೇರಿ ಹೇನ್ಸ್ ಎಂಬುವಳ ಗಂಡ ಅಂಗಡಿಯ ಹುಡುಗಿಯೊಬ್ಬಳ ಹಿಂದೆ ಬಿದ್ದಿದ್ದಾನೆ ಎನ್ನುತ್ತಾಳೆ. ಎದುರಿಗೆ ಕೂತವಳೇ ಮೇರಿ ಎಂಬುದು ಅವಳಿಗೆ ಗೊತ್ತಿಲ್ಲ. ಅಲ್ಲಿಂದ ಸಂಸಾರ ಬಿರುಕು ಬಿಟ್ಟು, ಮೇರಿ ವಿಚ್ಛೇದನಕ್ಕೆಂದು ರೈಲು ಹತ್ತುತ್ತಾಳೆ. ಇಳಿಯುವುದು ನೆವಾಡಾ ರಾಜ್ಯದ ರೀನೊದಲ್ಲಿ.

ಸಿನಿಮಾದ ಜೀವ ಇರುವುದು ಅಲ್ಲಿ, ಊರಾಚೆಯ ರ‍್ಯಾಂಚ್ ಒಂದರಲ್ಲಿ. ಗಂಡಂದಿರನ್ನು ಬದಲಿಸಿ ಬದಲಿಸಿ ಈಗ ಕೌಬಾಯ್ ಒಬ್ಬನ ಮೇಲೆ ಕಣ್ಣಿಟ್ಟಿರುವ ಕೌಂಟೆಸ್, ದುಡುಕಿ ಬಂದು ಈಗ ಬಸುರಿ ಎಂದು ತಿಳಿದು ಗಂಡನಿಗೆ ಫೋನ್ ಮಾಡುವ ಪೆಗಿ, ಎಲ್ಲರಿಗೂ ಅಡುಗೆ ಮಾಡಿ ಹಾಕುವ ಲೂಸಿ. ಊರೆಲ್ಲಾ ಚಾಡಿ ಹಂಚಿದ ಸಿಲ್ವಿಯಾಳೂ ಕೊನೆಗೆ ಇಲ್ಲಿಗೇ ಬರುತ್ತಾಳೆ. ತನ್ನ ಗಂಡನನ್ನು ಮದುವೆಯಾಗಲಿರುವವಳು ಇದೇ ಸೂರಿನಡಿ ಇದ್ದಾಳೆಂದು ತಿಳಿದಾಗ ಇಬ್ಬರೂ ಜಡೆಜಗಳಕ್ಕೆ ಇಳಿಯುತ್ತಾರೆ, ಕಚ್ಚುವುದೂ ಆಗುತ್ತದೆ.

ಹೆಂಗಸರನ್ನು ಹೀಗೆ ಒಂದೇ ಕಡೆ ಗುಡ್ಡೆ ಹಾಕಿದ್ದು ಕತೆಗಾಗಿ ಎಂದು ನಮಗೆ ಅನ್ನಿಸಬಹುದು. ಹಾಗಲ್ಲ. ಆ ಗುಂಪನ್ನು ಕಟ್ಟಿದ್ದು ಕಾನೂನು. ಸಿನಿಮಾಕ್ಕೆ ಮೂಲವಾದ 1936ರ ನಾಟಕ ಬರೆದ ಕ್ಲೇರ್ ಬೂತ್ 1929ರಲ್ಲಿ ತಾನೇ ರೀನೊಕ್ಕೆ ಹೋಗಿ ವಿಚ್ಛೇದನ ಪಡೆದವಳು.

ಅಮೆರಿಕದಲ್ಲಿ ಮದುವೆ, ವಿಚ್ಛೇದನ ಎರಡೂ ಆಯಾ ರಾಜ್ಯದ ಕಾನೂನಿಗೆ ಸೇರಿದ್ದು. ನ್ಯೂಯಾರ್ಕ್ ರಾಜ್ಯದಲ್ಲಿ 1966ರ ತಿದ್ದುಪಡಿಯವರೆಗೆ ವಿಚ್ಛೇದನಕ್ಕೆ ಇದ್ದದ್ದು ಒಂದೇ ಕಾರಣ, ವ್ಯಭಿಚಾರ. ಅದನ್ನು ಸಾಬೀತು ಮಾಡಬೇಕು. ಅದಕ್ಕಾಗಿ ಗಂಡನೇ ಬಾಡಿಗೆ ಹೆಂಗಸಿನ ಜೊತೆ ಹೋಟೆಲ್ ಕೋಣೆಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳುವ ನಾಟಕಗಳೂ ನಡೆಯುತ್ತಿದ್ದವು. ನಮ್ಮ ಹಳ್ಳಿಗಳ ಎಷ್ಟೋ ಸಮುದಾಯಗಳಲ್ಲಿ ಪಂಚರ ಮುಂದೆ ಸೋಡಚೀಟಿ ಕೊಟ್ಟು ಮುಗಿಸುತ್ತಿದ್ದ ಕೆಲಸಕ್ಕೆ ಅಲ್ಲಿ ಇಷ್ಟು ಪಾಡು.

ನೆವಾಡಾದ ದಾರಿಯೇ ಬೇರೆ. ಗಣಿಯಿಂದ ಗಣಿಗೆ ಅಲೆಯುವ ಜನರೇ ತುಂಬಿದ್ದ ಸೀಮೆ ಅದು. ಆರು ತಿಂಗಳು ವಾಸವಿದ್ದರೆ ಸಾಕು, ಅವನು ಆ ರಾಜ್ಯದವನು, ಅಲ್ಲಿನ ಕೋರ್ಟಿನಲ್ಲಿ ವಿಚ್ಛೇದನ ಕೇಳಬಹುದು. ಈ ಸಡಿಲಿಕೆ ದೇಶಕ್ಕೆಲ್ಲ ಗೊತ್ತಾದದ್ದು 1906ರಲ್ಲಿ, ಯು.ಎಸ್. ಸ್ಟೀಲ್ ಕಂಪನಿಯ ಅಧ್ಯಕ್ಷ ವಿಲಿಯಂ ಕೋರಿಯ ಹೆಂಡತಿ ಲಾರಾ ರೀನೊಕ್ಕೆ ಬಂದು ಬಿಡುಗಡೆ ಪಡೆದಾಗ. ಪತ್ರಿಕೆಗಳಿಗೆ ಹಬ್ಬ. ಅವಳ ಹಿಂದೆಯೇ ಉಳಿದವರೂ ಬಂದರು. ನೀತಿವಂತರು ಗದ್ದಲ ಎಬ್ಬಿಸಿ 1913ರಲ್ಲಿ ಅವಧಿಯನ್ನು ಒಂದು ವರ್ಷಕ್ಕೆ ಏರಿಸಿದರು. ಅಂಗಡಿ, ಹೋಟೆಲಿನವರಿಗೆ ನಷ್ಟ ತಾಕಿತು, 1915ರಲ್ಲಿ ಮತ್ತೆ ಆರು ತಿಂಗಳಾಯಿತು. 1927ರಲ್ಲಿ ಮೂರು ತಿಂಗಳು. ಐಡಾಹೊ, ಆರ್ಕನ್ಸಾ ರಾಜ್ಯಗಳೂ ಪೈಪೋಟಿಗೆ ಇಳಿದಾಗ ನೆವಾಡಾ ಆರೇ ವಾರಕ್ಕೆ ಇಳಿಸಿತು. 1931ರ ಮಾರ್ಚ್ 19ರಂದು ಗವರ್ನರ್ ಫ್ರೆಡ್ ಬಾಲ್ಜರ್ ಇದಕ್ಕೆ ಸಹಿ ಹಾಕಿದ. ಅದೇ ದಿನ ಜೂಜಿಗೂ ಪರವಾನಗಿ ಸಿಕ್ಕಿತು. ಬೆಳ್ಳಿಯ ಗಣಿಗಳು ಬತ್ತಿದ್ದವು, ಆರ್ಥಿಕ ಮಹಾಕುಸಿತ ಬಾಗಿಲಲ್ಲಿ ನಿಂತಿತ್ತು, ಹೊಟ್ಟೆಪಾಡು ನೋಡಬೇಕಿತ್ತು.

ಆಗ ರೀನೊದ ಜನಸಂಖ್ಯೆ ಹದಿನೆಂಟೂವರೆ ಸಾವಿರ. 1929ರಿಂದ 1939ರ ನಡುವೆ ಅಲ್ಲಿನ ಕೋರ್ಟು ಕೊಟ್ಟ ವಿಚ್ಛೇದನಗಳು 30 ಸಾವಿರಕ್ಕೂ ಹೆಚ್ಚು.

ಆ ಊರು ಮಾರುತ್ತಿದ್ದದ್ದು ವಿಚ್ಛೇದನವನ್ನಲ್ಲ, ಕಾಯುವುದನ್ನು. ಕೋರ್ಟಿನ ಕೆಲಸ ಕೆಲವೇ ನಿಮಿಷದ್ದು. ಅದಕ್ಕೂ ಮುಂಚಿನ ನಲವತ್ತೆರಡು ದಿನದ ಊಟ, ವಸತಿ, ಬಟ್ಟೆ, ಕುದುರೆ ಸವಾರಿ, ಸಂಜೆಯ ಜೂಜು, ಇದರ ಮೇಲೆ ಊರು ಬದುಕಿತು. ಹಣವಂತರಿಗೆ ಕೋರ್ಟಿನ ಪಕ್ಕದಲ್ಲೇ ರಿವರ್‌ಸೈಡ್ ಹೋಟೆಲ್, ಇಲ್ಲವೇ ಊರಾಚೆಯ ರ‍್ಯಾಂಚ್. ಕೈ ಬಿಗಿಯಿದ್ದವರಿಗೆ ಯಾರದೋ ಮನೆಯ ಬಾಡಿಗೆ ಕೋಣೆ, ಕಾಸಿಗೆ ಹೋಟೆಲಿನಲ್ಲಿ ತಟ್ಟೆ ಹಂಚುವ ಕೆಲಸ. ಬಂದವರಲ್ಲಿ ಹೆಂಗಸರೇ ಹೆಚ್ಚು. ಬೇರೆಯಾಗಲು ಇಬ್ಬರಿಗೂ ಮನಸ್ಸಿದ್ದರೂ ಗಂಡ ಕೆಲಸ ಬಿಟ್ಟು ಬರುವಂತಿಲ್ಲ. ಖರ್ಚು ಕೊಟ್ಟು ಹೆಂಡತಿಯನ್ನು ಕಳಿಸುತ್ತಿದ್ದ.

ಇಡೀ ವ್ಯವಹಾರದ ಕೀಲು ಮನೆಯೊಡತಿಯ ಕೈಯಲ್ಲಿತ್ತು. ಇವಳು ದಿನವೂ ನಮ್ಮಲ್ಲೇ ಇದ್ದಳು, ಕಣ್ಣಾರೆ ಕಂಡಿದ್ದೇನೆ ಎಂದು ಆಕೆ ಸಾಕ್ಷಿ ನುಡಿಯಬೇಕು. ಒಂದು ದಿನ ರಾಜ್ಯದ ಗಡಿ ದಾಟಿದರೂ ಲೆಕ್ಕ ತಪ್ಪುತ್ತಿತ್ತು. ಆಮೇಲೆ ವಕೀಲರ ಪ್ರಶ್ನೆ: ನೆವಾಡಾದಲ್ಲೇ ನೆಲೆಸುವ ಉದ್ದೇಶವಿದೆಯೇ? ಇದೆ ಎಂದು ಪ್ರಮಾಣ ಮಾಡಿದವಳು ಸಂಜೆಯ ರೈಲಿಗೆ ಟಿಕೆಟ್ ಇಟ್ಟುಕೊಂಡಿರುತ್ತಿದ್ದಳು. ಜಡ್ಜ್‌ಗೂ ಗೊತ್ತು, ವಕೀಲರಿಗೂ ಗೊತ್ತು, ರೈಲ್ವೆಯವರಿಗಂತೂ ಗೊತ್ತೇ ಇತ್ತು.

ಈ ಸುಳ್ಳು ಎಲ್ಲರಿಗೂ ದಕ್ಕಲಿಲ್ಲ. ಉತ್ತರ ಕ್ಯಾರೊಲೈನಾದ ವಿಲಿಯಮ್ಸ್ ಮತ್ತು ಹೆಂಡ್ರಿಕ್ಸ್ ಎಂಬಿಬ್ಬರು 1940ರಲ್ಲಿ ಲಾಸ್ ವೇಗಸ್‌ನಲ್ಲಿ ಆರು ವಾರ ಕಳೆದು, ತಂತಮ್ಮ ಸಂಗಾತಿಯಿಂದ ಬಿಡಿಸಿಕೊಂಡು, ಅಲ್ಲೇ ಮದುವೆಯಾಗಿ ಊರಿಗೆ ಮರಳಿದರು. ಊರಿನಲ್ಲಿ ಅವರ ಮೇಲೆ ದ್ವಿಪತಿ-ದ್ವಿಪತ್ನಿತ್ವದ ಮೊಕದ್ದಮೆ ಬಿತ್ತು. ಎರಡು ಸಲ ಸುಪ್ರೀಂ ಕೋರ್ಟಿಗೆ ಹೋದ ಆ ಪ್ರಕರಣದಲ್ಲಿ 1945ರ ತೀರ್ಪು ಅವರ ವಿರುದ್ಧವಾಯಿತು: ವಾಸ ನಿಜವೋ ಸೋಗೋ ಎಂದು ಕೇಳುವ ಹಕ್ಕು ಅವರ ತವರು ರಾಜ್ಯಕ್ಕಿದೆ.

ಕೋರ್ಟಿನಿಂದ ಹೊರಬಿದ್ದವರು ಪಕ್ಕದ ಸೇತುವೆಯಿಂದ ಟ್ರಕೀ ಹೊಳೆಗೆ ಮದುವೆಯ ಉಂಗುರ ಎಸೆಯುತ್ತಾರೆ ಎಂಬ ಪ್ರತೀತಿಯೂ ಹಬ್ಬಿತು. 1960ರಲ್ಲಿ ರೀನೊದಲ್ಲೇ ಚಿತ್ರೀಕರಿಸಿದ ‘ದಿ ಮಿಸ್‌ಫಿಟ್ಸ್’ನಲ್ಲಿ ಮರ್ಲಿನ್ ಮನ್ರೋಗೆ ಮನೆಯೊಡತಿಯೇ ಈ ಪದ್ಧತಿ ತಿಳಿಸುತ್ತಾಳೆ. ಚಿತ್ರಕತೆ ಬರೆದ ಆರ್ಥರ್ ಮಿಲ್ಲರ್ 1956ರಲ್ಲಿ ಪಿರಮಿಡ್ ಸರೋವರದ ಬಳಿ ಆರು ವಾರ ಕಾದು, ಮೊದಲ ಹೆಂಡತಿಯಿಂದ ಬೇರೆಯಾಗಿ ಮನ್ರೋಳನ್ನು ಮದುವೆಯಾದವನು. 1961ರ ಜನವರಿಯಲ್ಲಿ ಅವರಿಬ್ಬರ ವಿಚ್ಛೇದನವೂ ಆಯಿತು. ಅದಕ್ಕೆ ಮನ್ರೋ ರೀನೊಕ್ಕೆ ಬರಲಿಲ್ಲ. ಕಾಯುವ ಗೋಜೇ ಇಲ್ಲದ ಮೆಕ್ಸಿಕೊಕ್ಕೆ ವಿಮಾನದಲ್ಲಿ ಹೋಗಿ ಮುಗಿಸಿಕೊಂಡು ಬಂದಳು. ರೀನೊದ ವ್ಯಾಪಾರಕ್ಕೆ ಆಗಲೇ ಮಂಕು ಹಿಡಿದಿತ್ತು. ಯಾರ ತಪ್ಪೂ ತೋರಿಸಬೇಕಿಲ್ಲದ ವಿಚ್ಛೇದನಕ್ಕೆ ಕ್ಯಾಲಿಫೋರ್ನಿಯಾ 1969ರಲ್ಲಿ ಕಾನೂನು ಮಾಡಿತು, ಉಳಿದ ರಾಜ್ಯಗಳೂ ಒಂದೊಂದಾಗಿ ಅದೇ ಹಾದಿ ಹಿಡಿದವು.

‘ದಿ ವಿಮೆನ್’ ಆ ರ‍್ಯಾಂಚನ್ನು ಬಲು ಚೆನ್ನಾಗಿ ಕಂಡಿತು, ಆದರೆ ಅದರೊಳಗಿನ ಹೆಂಗಸರನ್ನು ನಂಬಲಿಲ್ಲ. ಟೈಟಲ್‌ನಲ್ಲೇ ಒಬ್ಬೊಬ್ಬಳಿಗೂ ಒಂದೊಂದು ಪ್ರಾಣಿಯ ಹೋಲಿಕೆ ಕಟ್ಟಿತು. ಕೊನೆಗೆ ಮೇರಿಯನ್ನು ಅದೇ ಗಂಡನ ಕಡೆಗೆ ಓಡಿಸಿತು. ಆ ಹೆಂಗಸರಿಗೆ ನ್ಯಾಯ ಸಿಕ್ಕಿದ್ದು ಬಹಳ ತಡವಾಗಿ, 1985ರ ‘ಡೆಸರ್ಟ್ ಹಾರ್ಟ್ಸ್’ನಲ್ಲಿ. ಡೊನಾ ಡೈಚ್ ನಿರ್ದೇಶನದ ಆ ಚಿತ್ರದಲ್ಲಿ, 1959ರ ರೀನೊಕ್ಕೆ ವಿಚ್ಛೇದನಕ್ಕೆಂದು ಬರುವ ಇಂಗ್ಲಿಷ್ ಪ್ರಾಧ್ಯಾಪಕಿಯೊಬ್ಬಳು ಕ್ಯಾಸಿನೊದಲ್ಲಿ ದುಡಿಯುವ ಹುಡುಗಿಯನ್ನು ಪ್ರೀತಿಸುತ್ತಾಳೆ. ಹಿಂತಿರುಗಿ ಹೋಗಲು ಅವಳಿಗೆ ಗಂಡ ಬೇಕಾಗುವುದಿಲ್ಲ.

ಉಂಗುರ ಎಸೆಯುತ್ತಿದ್ದರು ಎನ್ನುವ ಹಳೆಯ ಸೇತುವೆಯನ್ನು 2015ರಲ್ಲಿ ಕೆಡವಿ ಹೊಸದನ್ನು ಕಟ್ಟಿದರು. ನೆವಾಡಾದಲ್ಲಿ ವಿಚ್ಛೇದನಕ್ಕೆ ಬೇಕಾದ ವಾಸದ ಅವಧಿ ಮಾತ್ರ ಇವತ್ತಿಗೂ ಆರು ವಾರವೇ.