ಉತ್ಕರ್ಷಣಸಂಖ್ಯೆಯ ನಿಯಮಗಳೂ ಉತ್ಕರ್ಷಣಶಬ್ದದ ಅರ್ಥವೂ

ರಸಾಯನಶಾಸ್ತ್ರದಲ್ಲಿ ಆಕ್ಸಿಡೇಷನ್ ಎನಿಸಿಕೊಂಡಿರುವ ಕ್ರಿಯೆಗೆ ಕನ್ನಡದ ಪಠ್ಯಪುಸ್ತಕಗಳಲ್ಲಿ ಉತ್ಕರ್ಷಣವೆಂದು ಹೆಸರು. ಈ ಶಬ್ದದಲ್ಲಿ ಆಮ್ಲಜನಕದ ಸೂಚನೆಯೇ ಇಲ್ಲವೆಂದು ಆಕ್ಷೇಪಿಸುವುದು ಸುಲಭ. ಆದರೆ ಶಾಸ್ತ್ರದ ಇತಿಹಾಸವನ್ನು ಪರಿಶೀಲಿಸಿದರೆ ಆ ದೋಷವೇ ಗುಣವಾಗಿ ತೋರುವುದು.

ಲವಾಸಿಯೇ ಮೊದಲಾದ ನಾಲ್ವರು 1787ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಿಸಿದ ರಾಸಾಯನಿಕ ನಾಮಕರಣಗ್ರಂಥದಲ್ಲಿ ಆಕ್ಸಿಜನ್ ಎಂಬ ಹೆಸರು ನೆಲೆಗೊಂಡಿತು. ಹುಳಿಯನ್ನು ಹುಟ್ಟಿಸತಕ್ಕದ್ದು ಎಂಬುದು ಅದರ ಗ್ರೀಕ್ ಯೋಗಾರ್ಥ. ನಮ್ಮ ‘ಆಮ್ಲಜನಕ’ವು ಅದರ ಪ್ರತಿಬಿಂಬ. ಕ್ಲೋರೀನು ಮೂಲವಸ್ತುವೆಂದು ಡೇವಿಯು 1810ರಲ್ಲಿ ಪ್ರತಿಪಾದಿಸಿದ ಮೇಲೆ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂದಾಗಿ ಆ ಮತವು ಬಿದ್ದುಹೋಯಿತು. ಹೆಸರು ಮಾತ್ರ ರೂಢಿಯಿಂದ ಉಳಿಯಿತು.

ಆಕ್ಸಿಡೇಷನ್ ಶಬ್ದದ ಗತಿಯೂ ಇದೇ. ಮೊದಲು ಅದಕ್ಕೆ ಆಮ್ಲಜನಕದೊಡನೆ ಕೂಡುವಿಕೆ ಎಂದರ್ಥವಿತ್ತು. ಬಳಿಕ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವಿಕೆ ಎಂದಾಯಿತು. ಸೋಡಿಯಂ ಕ್ಲೋರೀನಿನಲ್ಲಿ ಉರಿದರೂ ಅದು ಉತ್ಕರ್ಷಣವೇ. ಲೋಹದ ಸಂಯೋಗಬಲವನ್ನು ಹೆಸರಿನೊಳಗೆ ರೋಮನ್ ಅಂಕಿಯಿಂದ ತೋರಿಸುವ ಕ್ರಮವನ್ನು ಸ್ಟಾಕ್ ಎಂಬ ಜರ್ಮನ್ ವಿದ್ವಾಂಸನು 1919ರಲ್ಲಿ ಸೂಚಿಸಿದನು. ಅಮೆರಿಕದ ಲ್ಯಾಟಿಮರನ 1938ರ ಗ್ರಂಥವು ‘ಉತ್ಕರ್ಷಣಸ್ಥಿತಿ’ಯನ್ನು ತನ್ನ ಶೀರ್ಷಿಕೆಯಲ್ಲಿಯೇ ಧರಿಸಿತು.

ಇಂದು ಕಲಿಸುವ ನಿಯಮಗಳು ಸೂತ್ರಪ್ರಾಯವಾಗಿವೆ. ಬೇರೊಂದರೊಡನೆ ಕೂಡದ ಮೂಲವಸ್ತುವಿನ ಸಂಖ್ಯೆ 0. ಸಂಯುಕ್ತದಲ್ಲಿ ಎಲ್ಲ ಸಂಖ್ಯೆಗಳ ಮೊತ್ತವು ಅದರ ಒಟ್ಟು ವಿದ್ಯುದಂಶಕ್ಕೆ ಸಮ. ಅನಂತರ ಕ್ರಮವಾಗಿ ಫ್ಲೋರೀನಿಗೆ −1, ಸೋಡಿಯಂ ಪೊಟ್ಯಾಸಿಯಂಗಳಿಗೆ +1, ಹೈಡ್ರೋಜನ್ನಿಗೆ +1, ಆಮ್ಲಜನಕಕ್ಕೆ −2. ವಿರೋಧ ಬಂದಲ್ಲಿ ಮೊದಲು ಹೇಳಿದ ನಿಯಮವೇ ಬಲವತ್ತರ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹೈಡ್ರೋಜನ್ ನಿಯಮವು ಮೊದಲು ಪ್ರವರ್ತಿಸುವುದರಿಂದ ಆಮ್ಲಜನಕಕ್ಕೆ −1 ಮಾತ್ರ ಉಳಿಯುತ್ತದೆ. ಪಾಣಿನಿಯಲ್ಲಿ ಸಮಬಲವುಳ್ಳ ಸೂತ್ರಗಳು ವಿರೋಧಿಸಿದರೆ ಪರಸೂತ್ರಕ್ಕೆ ಜಯ, ಇಲ್ಲಿ ಪೂರ್ವನಿಯಮಕ್ಕೆ. ಕ್ರಮವು ತಿರುಗುಮುರುಗಾದರೂ, ಪಾಠಕ್ರಮವೇ ಬಲಾಬಲವನ್ನು ನಿರ್ಣಯಿಸುವ ನ್ಯಾಯವು ಎರಡೆಡೆಯೂ ಒಂದೇ.

ಪೊಟ್ಯಾಸಿಯಂ ಪರ್ಮ್ಯಾಂಗನೇಟಿನಲ್ಲಿ ಪೊಟ್ಯಾಸಿಯಂ +1, ನಾಲ್ಕು ಆಮ್ಲಜನಕಗಳು −8. ಆದುದರಿಂದ ಮ್ಯಾಂಗನೀಸ್ +7. ಆದರೆ ಆ ಪರಮಾಣುವು ಏಳು ಎಲೆಕ್ಟ್ರಾನುಗಳನ್ನು ನಿಜವಾಗಿ ಕಳೆದುಕೊಂಡಿದೆಯೆಂದು ತಿಳಿಯತಕ್ಕದ್ದಲ್ಲ. ಬಂಧದ ಎಲೆಕ್ಟ್ರಾನುಗಳನ್ನು ಹೆಚ್ಚಾಗಿ ಸೆಳೆಯುವ ಪರಮಾಣುವಿಗೆ ಅವೆಲ್ಲ ಸೇರಿದುವೆಂದು ಭಾವಿಸಿ ಮಾಡಿದ ಆರೋಪವಿದು. ಶುದ್ಧ ಹಾಗೂ ಅನ್ವಯಿಕ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವು 2016ರಲ್ಲಿ ಪ್ರಕಟಿಸಿದ ಲಕ್ಷಣವೂ ಇಂಥ ಕಲ್ಪನೆಯ ಮೇಲೆಯೇ ನಿಂತಿದೆ.

ಹೀಗೆ ಇಂದಿನ ಶಾಸ್ತ್ರದಲ್ಲಿ ಸಂಖ್ಯೆಯು ಏರುವುದೇ ಆಕ್ಸಿಡೇಷನ್, ಇಳಿಯುವುದೇ ಅದರ ಪ್ರತಿಕ್ರಿಯೆ. ಉತ್ಕರ್ಷವೆಂದರೆ ಏರಿಕೆ, ಅಪಕರ್ಷವೆಂದರೆ ಇಳಿಕೆ. ಯೂರೋಪಿನ ಶಬ್ದದಲ್ಲಿ ಯೋಗಾರ್ಥವು ಅಳಿದು ರೂಢಿ ಉಳಿದಿದೆ. ನಮ್ಮ ಶಬ್ದದಲ್ಲಿ ಯೋಗವೂ ರೂಢಿಯೂ ಒಂದಾಗಿವೆ. ಪಾರಿಭಾಷಿಕ ಶಬ್ದಗಳನ್ನು ರಚಿಸುವವರು ಮೂಲಪದದ ಅವಯವಗಳನ್ನಲ್ಲ, ಪದಾರ್ಥವನ್ನು ನೋಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.