ಗೆದ್ದವನಿಗೆಷ್ಟು, ಮಡಿದವನಿಗೆಷ್ಟು?

ಬೇಸಗೆಯ ರಜಕ್ಕೆಂದು ಗುಬ್ಬಿಯಿಂದ ನಮ್ಮ ತುಮಕೂರಿನ ಮನೆಗೆ ಬಂದಿದ್ದ ತಂಗಿಯ ಮಗ ಒಂದು ಸಂಜೆ ಮೊಬೈಲನ್ನು ಮಂಚದ ಮೇಲೆ ಎಸೆದು, "ಇದು ಶುದ್ಧ ಅನ್ಯಾಯ, ಮಾವ" ಎಂದ. ಅವನು ಆಡುತ್ತಿದ್ದುದು ಅಂತರ್ಜಾಲದ ಯುದ್ಧದಾಟ. ಎದುರಾಳಿ ಯಂತ್ರವಲ್ಲ, ಎಲ್ಲಿಯೋ ಕುಳಿತ ಇನ್ನೊಬ್ಬ ಮನುಷ್ಯ. ಆಟದಲ್ಲಿ ನುರಿತ ಆ ಮಹಾರಾಯ ಹೊಸಬನಾದ ಇವನನ್ನು ನಾಲ್ಕು ಸಲ ಕೊಂದು, ನಾಲ್ಕು ಸಲವೂ ಬಹುಮಾನ ಬಾಚಿಕೊಂಡನಂತೆ. "ಕಷ್ಟವೇ ಪಡದವನಿಗೆ ಅಷ್ಟೊಂದು ಏಕೆ? ಸೋತರೂ ಚೆನ್ನಾಗಿ ಕಾದಿದವನಿಗೆ ಏನೂ ಇಲ್ಲವೇಕೆ?"

ನನಗೆ ನಗು ಬರಲಿಲ್ಲ. ಈ ಪ್ರಶ್ನೆ ನಮ್ಮ ನಾಡಿನಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಕುಣಿಗಲ್ಲಿನಿಂದ ಹುಲಿಯೂರುದುರ್ಗದ ದಾರಿ ಹಿಡಿದು ಮುಂದೆ ಹೋದರೆ ಮದ್ದೂರು ಸೀಮೆ. ಆತಕೂರು ಆ ತಾಲ್ಲೂಕಿನದು. ಕ್ರಿ.ಶ. 949–50ರ ಅಲ್ಲಿಯ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದೊಂದು ಬಹುಮಾನದ ಲೆಕ್ಕಪತ್ರವೆಂದೇ ಹೇಳಬಹುದು.

ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ರಾಷ್ಟ್ರಕೂಟ ಮೂರನೆಯ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇಷ್ಟನ್ನೂ ಕೊಟ್ಟ. ಬೂತುಗನ ಮುಂದೆ ನಿಂತು ಕಾದಿದ ಮಣಲೇರನಿಗೆ ಆತಕೂರು ಹನ್ನೆರಡೂ ಬೆಳ್ವೊಲದ ಒಂದು ಊರೂ 'ಬಾಳ್ಗಚ್ಚಾ'ಗಿ, ಎಂದರೆ ಕತ್ತಿ ತೊಳೆದು ಕೊಡುವ ಕೊಡುಗೆಯಾಗಿ, ಸಂದವು. ಮಣಲೇರ ಬೇಡಿ ಪಡೆದದ್ದು ಮಾತ್ರ ಕಾಳಿಯೆಂಬ ಬೇಟೆನಾಯಿಯನ್ನು. ಆ ಕಾಳಿ ಬೆಳತೂರಿನ ದಿಬ್ಬದಲ್ಲಿ ಹಂದಿಯೊಡನೆ ಹೋರಾಡಿತು; ಎರಡೂ ಸತ್ತವು. ಗೆಲವಿಲ್ಲದಿದ್ದರೂ ನಾಯಿಗೆ ಕಲ್ಲು ನೆಟ್ಟು, ಎರಡು ಖಂಡುಗ ಭೂಮಿ ಬಿಟ್ಟರು.

ಗೆದ್ದ ರೀತಿಯೂ ಚರ್ಚೆಗೆ ಬಂತು. ಫ್ಲೀಟ್ ಸಾಹೇಬರು ಶಾಸನದ ಒಂದು ಮಾತನ್ನು ಮೊದಲು 'ಕಳ್ಳನಾಗಿ' ಎಂದು ಓದಿ ಬೂತುಗನ ಮೇಲೆ ವಂಚನೆಯ ಅಪವಾದ ಹೊರಿಸಿದರು. ಅನಂತರ ಅದು 'ಕಳನಾಗಿ', ಅಂಬಾರಿಯೇ ರಣರಂಗವಾಗಿ, ಎಂದು ತಿದ್ದುಪಡಿಯಾಯಿತು. ಒಂದು ಒತ್ತಕ್ಷರಕ್ಕೆ ಸಿಕ್ಕಿಬಿದ್ದಿತ್ತು ವೀರನ ಮಾನ!

ಹಾಗಾದರೆ ಕಾಲಾಳಿನ ಪಾಡೇನು? ಮಡಿದವನ ಮನೆಯವರಿಗೆ 'ನೆತ್ತರುಗೊಡಗೆ' ಎಂದು ಹೊಲ ಕೊಡುವ ಪದ್ಧತಿಯಿತ್ತು. ತುರು ಬಿಡಿಸಲು ಹೋಗಿ ಸತ್ತವರಿಗೆ ಊರವರೇ ಕಲ್ಲು ನಿಲ್ಲಿಸುತ್ತಿದ್ದರು. ಆದರೆ ದೊರೆಗೆ ನಾಡು, ಆಳಿಗೆ ಹೊಲ. ಎಷ್ಟೋ ಮಂದಿಗೆ ಅದೂ ಇಲ್ಲ.

ಇಂದು ಆಟ ಕಟ್ಟುವವರಿಗೂ ಈ ಚಿಂತೆ ತಪ್ಪಿಲ್ಲ. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟದಲ್ಲಿ 2005ರಲ್ಲಿ ಗೌರವಾಂಕಗಳ ಪದ್ಧತಿ ಬಂದಾಗ, ತೀರ ಕೆಳಮಟ್ಟದವನನ್ನು ಕೊಂದರೆ ಅಂಕವಿರಲಿಲ್ಲ; ಒಬ್ಬನನ್ನೇ ಮತ್ತೆ ಮತ್ತೆ ಕೊಂದರೆ ಅಂಕ ಇಳಿಯುತ್ತಿತ್ತು. ಇದನ್ನು ಕೇಳಿ ಹುಡುಗನ ಮುಖ ಅರಳಿತು.

ಮರುವಾರ ಮದುವೆಗೆಂದು ಕುಣಿಗಲ್ ಕಡೆಗೆ ಹೋದಾಗ, ಕೆರೆಯ ಏರಿಯ ಮೇಲಿದ್ದ ವೀರಗಲ್ಲನ್ನು ಅವನಿಗೆ ತೋರಿಸಿದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ. ಒಂದಕ್ಷರವೂ ಇರಲಿಲ್ಲ.

"ಇವನು ಗೆದ್ದನೋ ಸೋತನೋ, ಮಾವ?"

"ಕಲ್ಲು ಅದನ್ನು ಹೇಳುವುದಿಲ್ಲ. ಓಡಿಹೋಗಲಿಲ್ಲ ಎಂದಷ್ಟೇ ಹೇಳುತ್ತದೆ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕಲ್ಲಿನ ಮೇಲೆ ಹಬ್ಬಿದ್ದ ಬಳ್ಳಿಯನ್ನು ಕೈಯಿಂದ ಸರಿಸಿದ.