ಹಳೆಯ ಬೆಳ್ಳಿ ನಾಣ್ಯಗಳ ದರ್ಜೆ ಮತ್ತು ಸಹಜವರ್ಣ

ಬಸರಾಳಿನ ಮಲ್ಲಿಕಾರ್ಜುನ ದೇವಾಲಯವು ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಣ್ಣಾಯಕನಿಂದ ನಿರ್ಮಿತವಾಯಿತು. ಆ ಕಾಲದ ಶಾಸನಗಳಲ್ಲಿ ಕಾಣುವ ಗದ್ಯಾಣ, ಪಣಗಳು ಚಿನ್ನದವು. ಈ ಸೀಮೆಯಲ್ಲಿ ಬೆಳ್ಳಿಯ ರೂಪಾಯಿ ಬಳಕೆಗೆ ಬಂದದ್ದು ಬಹಳ ತಡವಾಗಿ. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ 'ಇಮಾಮಿ' ಎಂಬ ರೂಪಾಯಿಯನ್ನೂ 'ಹೈದರಿ' ಎಂಬ ಎರಡು ರೂಪಾಯಿಯ ನಾಣ್ಯವನ್ನೂ ಅಚ್ಚು ಹಾಕಿಸಿದನು. ಮನೆಗಳ ಪೆಟ್ಟಿಗೆಗಳಲ್ಲಿ, ಬಸದಿಗಳ ಭಂಡಾರಗಳಲ್ಲಿ ಈಗ ಹೆಚ್ಚಾಗಿ ದೊರೆಯುವುವು 1835ರ ನಂತರದ ಬ್ರಿಟಿಷ್ ರೂಪಾಯಿಗಳು. ಇವುಗಳ ತೂಕ 11.66 ಗ್ರಾಂ, ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಬೆಳ್ಳಿಯ ಪ್ರಮಾಣ ಅರ್ಧಕ್ಕಿಳಿಯಿತು.

ನಾಣ್ಯದ ದರ್ಜೆಯನ್ನು ಮುಖ್ಯವಾಗಿ ಸವಕಳಿಯಿಂದ ನಿರ್ಣಯಿಸುತ್ತಾರೆ. ವಿಕ್ಟೋರಿಯಾ ರಾಣಿಯ ಕೆನ್ನೆ, ಕೇಶಗಳಂತಹ ಉಬ್ಬು ಭಾಗಗಳು ಮೊದಲು ಸವೆಯುತ್ತವೆ. ಟಿಪ್ಪುವಿನ ನಾಣ್ಯಗಳಾದರೋ ಕೈಯಿಂದ ಬಡಿದವು. ಏಟು ಸರಿಯಾಗಿ ಬೀಳದೆ ಅಳಿಸಿದಂತೆ ಕಾಣುವ ಅಕ್ಷರವನ್ನು ಸವಕಳಿಯೆಂದು ಎಣಿಸಬಾರದು.

ಗಾಳಿಯಲ್ಲಿರುವ ಗಂಧಕದ ಅಂಶವು ಬೆಳ್ಳಿಯೊಡನೆ ಸೇರಿ ಅತಿ ತೆಳುವಾದ ಪೊರೆಯಾಗುತ್ತದೆ. ಪೊರೆ ದಪ್ಪವಾದಂತೆ ಜೇನುಬಣ್ಣ, ಕೆಂಪು, ನೀಲಿ, ಕೊನೆಗೆ ಕಪ್ಪು. ಇದು ಸಾಮಾನ್ಯವಾಗಿ ಅಂಚಿನಿಂದ ಒಳಕ್ಕೆ ಮೆಲ್ಲನೆ ಹರಡುತ್ತದೆ; ಅದರಡಿಯಲ್ಲಿ ಮೂಲದ ಹೊಳಪು ಇಣುಕುತ್ತದೆ. ಗಂಧಕದ ಹೊಗೆ ಹಿಡಿಸಿ ಒಂದೇ ದಿನದಲ್ಲಿ ತಂದ ಬಣ್ಣ ಥಟ್ಟನೆ ಬದಲಾಗುತ್ತದೆ, ಹೊಸ ಗೀರುಗಳ ಮೇಲೂ ಹರಿದಿರುತ್ತದೆ.

ಈ ಕಪ್ಪನ್ನು ಕೊಳೆಯೆಂದು ತಿಳಿದು ದೀಪಾವಳಿಯ ಪೂಜೆಗೆ ಹುಣಿಸೆಹಣ್ಣು, ಬೂದಿ ಹಾಕಿ ಉಜ್ಜುವ ವಾಡಿಕೆ ಅನೇಕ ಮನೆಗಳಲ್ಲಿದೆ. ಭಕ್ತಿಯೇನೋ ನಿಜ, ಆದರೆ ಹುಳಿಯು ಪೊರೆಯನ್ನು ಕಳಚುತ್ತದೆ, ಬೂದಿಯು ಸೂಕ್ಷ್ಮ ಗೀರುಗಳನ್ನು ಎಳೆಯುತ್ತದೆ. ಹಾಗೆ ಬೆಳಗಿದ ನಾಣ್ಯಕ್ಕೆ ಹಿಂದಿನ ದರ್ಜೆ ಮರಳಿ ಬಾರದು.

ಅರಿಯದೆ ಉಜ್ಜುವುದು ಬೇರೆ, ಬಣ್ಣ ಕಟ್ಟಿ ಮಾರುವುದು ಬೇರೆ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಕೃತಕ ವರ್ಣವನ್ನು ಸಹಜವೆಂದು ಮಾರುವುದು ಈ ಅತಿಚಾರದ ವ್ಯಾಪ್ತಿಗೇ ಸೇರತಕ್ಕದ್ದು. ಬೆಳ್ಳಿ ಅಪ್ಪಟವಾಗಿದೆಯೆಂಬ ಸಮಾಧಾನ ಇಲ್ಲಿ ಸಲ್ಲದು. ಕೊಳ್ಳುವವನು ಬೆಲೆ ಕೊಡುವುದು ಆ ನಾಣ್ಯ ಕಳೆದ ನೂರು ವರ್ಷಗಳಿಗೆ.

ಬಸದಿಯ ಭಂಡಾರದ ವಿಷಯದಲ್ಲಿ ಹೊಣೆ ಇನ್ನೂ ಹೆಚ್ಚು, ಏಕೆಂದರೆ ಸ್ವತ್ತು ದಾನಿಗಳದು. ಕಾಣಿಕೆಯ ಹಳೆಯ ರೂಪಾಯಿಗಳನ್ನು ಅಕ್ಕಸಾಲಿಗನ ಮೂಸೆಗೆ ತೂಕದ ಲೆಕ್ಕದಲ್ಲಿ ಕಳುಹಿಸುವ ಮುನ್ನ ಪ್ರತಿಯೊಂದರ ಇಸವಿ, ತೂಕ, ಎರಡೂ ಮುಖಗಳ ಚಿತ್ರ ದಾಖಲಾಗಬೇಕು. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಒಣಗಿದ ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಇಡತಕ್ಕದ್ದು. ಪಿ.ವಿ.ಸಿ. ಚೀಲಗಳು ಕಾಲಕ್ರಮದಲ್ಲಿ ಹಸಿರು ಅಂಟನ್ನು ಬಿಡುತ್ತವೆ.